ಉಸಿರು ಬಿಡೇ, ಪುಟ್ಟಿ

"ಮತ್ತೆ ಮೇಲೆ ಬಂದ್ರಿ, ಪುಟ್ಟಕ್ಕ," ಎಂದರು ಮೇಷ್ಟ್ರು.

ಬಂದದ್ದು ಪುಟ್ಟಿಗೂ ಗೊತ್ತಿತ್ತು. ಈಜುಕೊಳದ ತಳದಲ್ಲಿ, ನೀಲಿ ಹಾಸುಗಲ್ಲಿನಿಂದ ಒಂದು ಗೇಣು ಮೇಲೆ, ಅತ್ತಿತ್ತ ಅಲುಗದೆ ತೇಲಿಕೊಂಡಿರಬೇಕಾದವಳು ಬೆಂಡಿನ ಹಾಗೆ ಮೇಲೆದ್ದು ಬಂದು, ಈಗ ಬೆಳಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೆಮ್ಮುತ್ತಿದ್ದಳು. ಬೆನ್ನಿಗೆ ಗಾಳಿಯ ಸಿಲಿಂಡರು, ಸೊಂಟಕ್ಕೆ ಸೀಸದ ತೂಕ, ಕಾಲಿಗೆ ಬಾತುಕೋಳಿಯ ಪಾದದಂಥ ರೆಕ್ಕೆ. ಇಷ್ಟೆಲ್ಲ ಹೊತ್ತುಕೊಂಡೂ ಮುಳುಗದೆ ಮೇಲೆ ಬರುವುದಕ್ಕೆ ಹಣೆಯಲ್ಲೇ ಬರೆದಿರಬೇಕು ಎನ್ನಿಸಿತು ಅವಳಿಗೆ.

"ಉಸಿರು ಹಿಡಿದ್ರಿ."

"ಹಿಡೀಲಿಲ್ಲ ಮೇಷ್ಟ್ರೇ."

"ಗುಳ್ಳೆ ನಿಂತುಹೋಯ್ತಲ್ಲ ಪುಟ್ಟಕ್ಕ. ನಾನು ನಿಮ್ಮ ಎದುರಿಗೇ ಕೂತಿದ್ದೆ."

ಕೊಳದ ಅಂಚಿಗೆ ತೋಳು ಚಾಚಿ ಒರಗಿದ್ದ ಬೇಕರಿಯಣ್ಣ ನಕ್ಕ. ಅವನೂ ಕಲಿಯಲು ಬಂದವನೇ, ಪುಟ್ಟಿಯ ಜೊತೆಗಾರ. ನೀರಿನೊಳಗೆ ಯಾರೂ ಒಂಟಿಯಾಗಿ ಹೋಗಬಾರದು, ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು ಎಂದು ಮೇಷ್ಟ್ರು ಇಬ್ಬರನ್ನೂ ಗಂಟು ಹಾಕಿದ್ದರು. ನಸುಕಿಗೇ ಎದ್ದು ಹಿಟ್ಟು ನಾದಿ, ಒಲೆಗೆ ಬ್ರೆಡ್ಡು ತಳ್ಳಿ ಬರುತ್ತಿದ್ದ ಆ ದಢೂತಿ ಮನುಷ್ಯ ನೀರಿಗಿಳಿದರೆ ಎಮ್ಮೆ ಬುಸುಗುಟ್ಟಿದ ಹಾಗೆ ಉಸಿರಾಡುತ್ತಿದ್ದ.

"ಮೇಷ್ಟ್ರೇ, ಅವರು ಉಳಿಸಿದ ಗಾಳಿನೆಲ್ಲ ನನ್ನ ಸಿಲಿಂಡರಿಗೆ ತುಂಬಿಸ್ಬಿಡಿ. ನಂದು ಯಾವಾಗ್ಲೂ ಬೇಗ ಖಾಲಿ," ಎಂದ.

ಮೇಷ್ಟ್ರು ನಗಲಿಲ್ಲ. "ತಮಾಷೆ ಅಲ್ಲ ಇದು. ಪುಟ್ಟಕ್ಕ, ಮಾಸ್ಕಿಗೆ ನೀರು ನುಗ್ಗಿದ್ರೆ ಚೆಲ್ಲೋದನ್ನ ಕಲಿತ್ರಿ. ಬಾಯಿಂದ ನಳಿಗೆ ಕಳಚಿಹೋದ್ರೆ ಹುಡುಕಿ ಕಚ್ಚಿಕೊಳ್ಳೋದನ್ನ ಇವನಿಗಿಂತ ಮುಂಚೆ ಕಲಿತ್ರಿ. ಆದ್ರೆ ಎಲ್ಲಕ್ಕಿಂತ ಮೊದಲನೇ ಮಾತು ಒಂದಿದೆ, ಉಸಿರು ಹಿಡೀಬಾರ್ದು. ಹಿಡಿದುಕೊಂಡು ಮೇಲೆ ಬಂದ್ರೆ ಒಳಗಿನ ಗಾಳಿ ಹಿಗ್ಗುತ್ತೆ, ಶ್ವಾಸಕೋಶ ಹರಿದುಹೋಗುತ್ತೆ. ಕೊಳದಲ್ಲೂ ಆಗಬಹುದು, ಇವತ್ತು ದೇವರು ಕಾಪಾಡ್ದ. ಸಮುದ್ರಕ್ಕೆ ಹೀಗೆ ಕರ್ಕೊಂಡು ಹೋದ್ರೆ ನಾನು ಆ ದೇವರಿಗೆ ಏನಂತ ಮುಖ ತೋರಿಸ್ಲಿ?"

ಪುಟ್ಟಿ ತಲೆ ತಗ್ಗಿಸಿದಳು.

"ಇನ್ನೊಂದು ಸಲ ನೋಡ್ತೀನಿ. ಶನಿವಾರ. ಅವತ್ತೂ ಹೀಗೇ ಆದ್ರೆ ಸ್ಕೂಬಾ ಕಾರ್ಡಿನ ಆಸೆ ಬಿಟ್ಬಿಡಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಉಳಿದಿರಬೇಕು. ರಾತ್ರಿಯೆಲ್ಲ ಕೆಲಸ ಮಾಡಿ ನೇರವಾಗಿ ಕೊಳಕ್ಕೆ ಬಂದಿದ್ದ ಪುಟ್ಟಿ ಒದ್ದೆ ರಬ್ಬರಿನ ಉಡುಪನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು, ತೊಳೆದು, ಗೂಟಕ್ಕೆ ನೇತುಹಾಕಿ, ಬಸ್ಸು ಹಿಡಿದಳು.

ಐವತ್ತರ ಹತ್ತಿರ ಬಂದ ಹೆಂಗಸನ್ನು ಎಲ್ಲರೂ ಪುಟ್ಟಿ ಎನ್ನುವುದಕ್ಕೆ ಕಾರಣ ಅವಳ ಅಕ್ಕ. ತಾಯಿ ಬೇಗ ಹೋದ ಮನೆಯಲ್ಲಿ ಪುಟ್ಟಿಯನ್ನೂ ತಮ್ಮನನ್ನೂ ಸಾಕಿದವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ಇವೆರಡು ದಡ ಸೇರ್ಲಿ" ಎನ್ನುತ್ತ ಬಂದವಳು, ಎರಡೂ ದಡ ಸೇರುವ ಹೊತ್ತಿಗೆ ತಾನು ಮುದುಕಿಯಾಗಿದ್ದಳು. ಊರ ಕೆರೆಯಲ್ಲಿ ಹೊಟ್ಟೆಯಡಿಗೆ ಕೈಕೊಟ್ಟು ಪುಟ್ಟಿಗೆ ಈಜು ಕಲಿಸಿದವಳೂ ಅವಳೇ. ಪುಟ್ಟಿಯ ಗಂಡ ತೀರಿಕೊಂಡ ಮೇಲೆ ಅಕ್ಕತಂಗಿಯರಿಬ್ಬರೂ ಒಂದೇ ಕೋಣೆ ಅಡುಗೆಮನೆಯ ಬಾಡಿಗೆ ಮನೆಯಲ್ಲಿದ್ದರು. ಅಕ್ಕನಿಗೆ ಈಗ ಶ್ವಾಸಕೋಶ ಸೋತಿತ್ತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲಬೇಕು.

ಪುಟ್ಟಿಯ ಕೆಲಸ ಮೀನುಮನೆಯಲ್ಲಿ. ಹೊರಗೆ ಬೋರ್ಡಿನ ಮೇಲೆ ಅಕ್ವೇರಿಯಂ ಎಂದಿದ್ದರೂ ಒಳಗಿನವರ ಬಾಯಲ್ಲಿ ಅದು ಮೀನುಮನೆಯೇ. ಜನ ಹೋದ ಮೇಲೆ ನೆಲ ಒರೆಸುವುದು, ಮಕ್ಕಳು ಮೂಗು ಒತ್ತಿ ಹೋದ ಗಾಜನ್ನು ಉಜ್ಜುವುದು ಅವಳ ರಾತ್ರಿ ಪಾಳಿ. ಗಾಜಿನ ಒಳಮೈಗೆ ಕಟ್ಟುವ ಪಾಚಿಯನ್ನು ಬೆಳಗಿನ ಪಾಳಿಯ ಮುಳುಗುಗಾರರು ನೀರಿಗಿಳಿದು ತೆಗೆಯುತ್ತಿದ್ದರು. ಅವರಲ್ಲೊಬ್ಬ ಕಿವಿಯ ತೊಂದರೆಯಿಂದ ಕೆಲಸ ಬಿಟ್ಟಾಗ ಮ್ಯಾನೇಜರು, "ನಮ್ಮಲ್ಲೇ ಯಾರಾದ್ರೂ ಸ್ಕೂಬಾ ಕಾರ್ಡು ಮಾಡಿಸ್ಕೊಂಡು ಬಂದ್ರೆ ಜಾಗ ಅವರಿಗೇ. ಕಲಿಸೋ ಖರ್ಚು ನಮ್ಮದು," ಎಂದರು. ಪುಟ್ಟಿ ಕೈ ಎತ್ತಿದಾಗ ಉಳಿದವರು ನಕ್ಕರು. ಅವಳು ಇಳಿಸಲಿಲ್ಲ.

ಎತ್ತಿದ್ದಕ್ಕೆ ಕಾರಣವಿತ್ತು. ಅದರ ಹಿಂದಿನ ವಾರ ಅಕ್ಕ ರಾತ್ರಿ ಬಚ್ಚಲಿಗೆ ಹೊರಟು ಬಿದ್ದಿದ್ದಳು. ಕೆಳಮನೆಯ ದರ್ಜಿಯಮ್ಮ ಆಗಾಗ ಬಂದು ನೋಡಿಹೋಗುತ್ತಿದ್ದಳು, ನಿಜ. ಆದರೆ ಅವಳಿಗೂ ನಿದ್ದೆ ಎನ್ನುವುದೊಂದು ಇತ್ತಲ್ಲ. ಬೆಳಿಗ್ಗೆ ಪುಟ್ಟಿ ಬಾಗಿಲು ತೆರೆದಾಗ ಅಕ್ಕ ತಣ್ಣನೆಯ ನೆಲದ ಮೇಲೆ ಮಲಗಿ, "ಚಹಾ ಇಡು, ಏನೂ ಆಗಿಲ್ಲ," ಎಂದಿದ್ದಳು.

ಸುದ್ದಿ ತಿಳಿದು ತಮ್ಮ ಬಂದ. "ವೃದ್ಧಾಶ್ರಮದಲ್ಲಿ ಹಾಸಿಗೆ ಕೇಳಿಟ್ಟಿದ್ದೀನಿ. ರಾತ್ರಿಯೆಲ್ಲ ಎಚ್ಚರ ಇರೋ ನರ್ಸ್ ಇದ್ದಾರೆ. ನಿನ್ನ ಕೈಲಿ ಎಷ್ಟು ದಿನ ಆಗುತ್ತೆ ಪುಟ್ಟಕ್ಕ? ನಿನ್ನ ಮುಖಾನೊಮ್ಮೆ ಕನ್ನಡೀಲಿ ನೋಡ್ಕೋ," ಎಂದ. ಅವನ ಮನೆಯಲ್ಲಿ ಜಾಗವಿರಲಿಲ್ಲ. ಅವನ ಮಾತಿನಲ್ಲಿ ತಪ್ಪೂ ಇರಲಿಲ್ಲ. ಕೆಟ್ಟವರ ಜೊತೆಗಾದರೆ ಜಗಳವಾಡಬಹುದು.

ಅಕ್ಕ ಗೋಡೆಯ ಕಡೆ ತಿರುಗಿ, "ನಿಮಗೆ ಹೇಗೆ ಅನುಕೂಲವೋ ಹಾಗೆ," ಎಂದಳು. ಆ ಮಾತು ಪುಟ್ಟಿಯ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

"ತಿಂಗಳ ಕೊನೆ ತನಕ ಸಮಯ ಕೊಡು. ಬೆಳಗಿನ ಪಾಳಿ ಸಿಕ್ರೆ ರಾತ್ರಿ ನಾನಿರ್ತೀನಿ. ಸಿಗದಿದ್ರೆ ನೀನು ಹೇಳ್ದ ಹಾಗೆ," ಎಂದಿದ್ದಳು ತಮ್ಮನಿಗೆ.

ಈಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತವಳಿಗೆ ತನ್ನ ಮೇಲೇ ಸಿಟ್ಟು ಬಂತು. ನೀರಿಗೆ ಹೆದರಿಕೆಯಿಲ್ಲ. ಮೇಷ್ಟ್ರ ಮಾತು ತಲೆಗೆ ಹೋಗದೆಯೂ ಇಲ್ಲ. ಆದರೆ ಕೊಳದ ತಳಕ್ಕೆ ಹೋಗಿ ಲೋಕದ ಸದ್ದೆಲ್ಲ ಅಡಗಿದ ಕೂಡಲೇ, ತನಗೇ ತಿಳಿಯದ ಹಾಗೆ, ಎದೆ ಗಪ್ಪನೆ ನಿಂತುಬಿಡುತ್ತಿತ್ತು. ದೇವರ ಹೆಸರು ಹೇಳಿಕೊಂಡೂ ನೋಡಿದ್ದಳು, ಒಂದು ಉಸಿರಿಗೆ ಒಂದು ಸಲ. ಮೂರನೆಯ ಸಲಕ್ಕೆ ಹೆಸರೂ ಎದೆಯಲ್ಲೇ ನಿಂತಿತ್ತು. ಕೊಟ್ಟ ಉಸಿರನ್ನು ಬಿಗಿಹಿಡಿದು ಕೂತವಳನ್ನು ಕಂಡು ಕೊಟ್ಟವನಾದರೂ ಏನು ಮಾಡಿಯಾನು?

ಮನೆಯಲ್ಲಿ ಅಕ್ಕನಿಗೆ ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ಪರದೆ ಎಳೆದಳು. ಮಂಚದ ಮೇಲೆ ಅಕ್ಕ, ಮಂಚದ ಪಕ್ಕಕ್ಕೆ ಚಾಪೆಯ ಮೇಲೆ ಪುಟ್ಟಿ. ಹಗಲು ಹೊತ್ತಿನ ಈ ನಿದ್ದೆಯೇ ಇಬ್ಬರಿಗೂ ನಿದ್ದೆ, ಯಾಕೆಂದರೆ ಒಬ್ಬಳೇ ಇರುವ ರಾತ್ರಿ ಅಕ್ಕ ಕಣ್ಣು ಮುಚ್ಚುತ್ತಿರಲಿಲ್ಲ. ಫ್ಯಾನು ಒಂದು ಸುತ್ತಿಗೊಂದು ಸಲ ಟಕ್ ಎನ್ನುತ್ತಿತ್ತು. ಕೆಳಗೆ ದರ್ಜಿಯಮ್ಮನ ಹೊಲಿಗೆ ಯಂತ್ರ ಓಡುತ್ತ, ನಿಲ್ಲುತ್ತ, ಮತ್ತೆ ಓಡುತ್ತ ಇತ್ತು.

ಪುಟ್ಟಿ ಕಣ್ಣು ಮುಚ್ಚಿದಳು. ಮಂಚದ ಮೇಲಿನ ಉಸಿರು ಸೊಯ್ ಎಂದು ಒಳಗೆ ಹೋಗುತ್ತಿತ್ತು, ಗೊರ್ ಎಂದು ಹೊರಗೆ ಬರುತ್ತಿತ್ತು. ಮೂರು ವರ್ಷದಿಂದ ಅವಳು ಮಲಗುವುದೆಂದರೆ ಹೀಗೆಯೇ, ಒಂದು ಕಿವಿಯನ್ನು ಮಂಚದ ಮೇಲಿಟ್ಟು. ಸೊಯ್. ಗೊರ್. ಸೊಯ್.

ಆಮೇಲೆ ಏನೂ ಇಲ್ಲ.

ಪುಟ್ಟಿಯ ಕಣ್ಣು ತೆರೆಯಿತು. ಕಿವಿ ನೆಟ್ಟಗಾಯಿತು. ತನ್ನದೇ ಉಸಿರಿನ ಸದ್ದು ಅಡ್ಡ ಬರಬಾರದೆಂದು ಅದನ್ನು ತಡೆಹಿಡಿದು ಕೇಳಿದಳು. ಫ್ಯಾನು ಟಕ್ ಎಂದಿತು. ಮತ್ತೆ ಟಕ್. ಮಂಚ ಮೌನವಾಗಿತ್ತು.

"ಉಸಿರು ಬಿಡೇ ಪುಟ್ಟಿ. ಬದುಕಿದ್ದೀನಿ," ಎಂದಿತು ಮಂಚ.

ಪುಟ್ಟಿ ದಡಬಡಿಸಿ ಎದ್ದು ಕೂತಳು. "ನಿದ್ದೆ ಬಂದಿಲ್ವಾ ಅಕ್ಕ?"

"ನೀನು ಬಿಟ್ರೆ ತಾನೆ ಬರೋದು? ಕಣ್ಣು ಮುಚ್ತೀನಿ, ಆಗ ಕೆಳಗೆ ನಿನ್ನ ಉಸಿರು ನಿಂತುಹೋಗುತ್ತೆ. ಎದೆ ಧಸಕ್ಕನ್ನುತ್ತೆ. ಇವಳಿಗೆ ಏನಾಯ್ತಪ್ಪಾ, ಹಗಲೂ ರಾತ್ರಿ ದುಡಿದು ದುಡಿದು ಹೋಗೇಬಿಟ್ಲಾ ಅಂತ ನಾನು ಉಸಿರು ಬಿಗಿಹಿಡಿದು ಕೇಳ್ತೀನಿ."

ಪುಟ್ಟಿ ಅವಳ ಮುಖವನ್ನೇ ನೋಡಿದಳು. "ಏನಂದೆ? ನೀನು ಉಸಿರು ಹಿಡಿದು ಕೇಳ್ತೀಯಾ?"

"ಇನ್ನೇನು ಮತ್ತೆ? ನನ್ನೆದೆಯ ಗೊರಗೊರದಲ್ಲಿ ನಿನ್ನ ಉಸಿರು ಕೇಳಿಸುತ್ತಾ?"

"ಅಯ್ಯೋ ನಿನ್ನ! ನಿನ್ನ ಉಸಿರು ನಿಂತಿತು ಅಂತ ನಾನು ಹಿಡಿಯೋದು ಕಣೇ!"

ಕೆಳಗಿನ ಹೊಲಿಗೆ ಯಂತ್ರ, ಇವರ ಮಾತಿಗೆ ಕಿವಿಗೊಟ್ಟಂತೆ, ನಿಂತಿತು.

ಅಕ್ಕ ಮೊದಲು ನಕ್ಕಳು. ನಗು ಕೆಮ್ಮಾಯಿತು. ಪುಟ್ಟಿ ಬೆನ್ನು ತಿಕ್ಕಿ ನೀರು ಕುಡಿಸಿದಳು. ನೀರು ಕುಡಿದು ಅಕ್ಕ ಮತ್ತೆ ನಕ್ಕಳು.

"ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತವಳು ನಾನು. ಮಧ್ಯೆ ಯಾರಾದ್ರೂ ಕದ್ದು ಕೇಳ್ತಿದ್ರೆ ಗೊತ್ತಾಗ್ತಿತ್ತು. ಕದ್ದು ಕೇಳೋರು ಉಸಿರು ಹಿಡೀತಾರೆ, ಲೈನು ಬಾವಿ ಹಾಗೆ ಆಗ್ಬಿಡುತ್ತೆ. 'ರಿಸೀವರ್ ಕೆಳಗಿಡಿ ಸ್ವಾಮಿ' ಅಂತಿದ್ದೆ, ಟಕ್ಕಂತ ಇಡ್ತಿದ್ರು. ಅಂಥವಳಿಗೆ ನನ್ನ ತಂಗಿ ಕದ್ದು ಕೇಳ್ತಿದ್ದಾಳೆ ಅಂತ ಹೊಳೀಲೇ ಇಲ್ಲ ನೋಡು. ಸತ್ತಿದ್ದೀಯ ಅಂತಲೇ ಅಂದ್ಕೋತಿದ್ದೆ."

"ದಿನಾ?"

"ದಿನಾ."

ದಣಿವು ಹೇಗೆ ಬರುತ್ತದೆ ಎನ್ನುವುದನ್ನು ಯಾರೂ ನೋಡಿಲ್ಲ. ಇಬ್ಬರು ಹೆಂಗಸರು, ಒಬ್ಬರ ಮೇಲೊಬ್ಬರು ಜೀವ ಇಟ್ಟುಕೊಂಡವರು, ಒಬ್ಬಳು ಮಲಗಲಿ ಎಂದು ಇನ್ನೊಬ್ಬಳು ಎಚ್ಚರವಾಗಿ, ಅವಳ ಎಚ್ಚರದಿಂದಲೇ ಇವಳೂ ಎಚ್ಚರವಾಗಿ, ವರ್ಷಗಟ್ಟಲೆ ಮಧ್ಯಾಹ್ನಗಳನ್ನು ಸವೆಸಿದ್ದರು. ಬೇರೆ ಯಾರೂ ಕದ್ದಿರಲಿಲ್ಲ ಅವರ ನಿದ್ದೆಯನ್ನು. ಮೇಲಿದ್ದುಕೊಂಡು ಕಾಯುವವನು ಇದನ್ನೆಲ್ಲ ನೋಡಿ ನಕ್ಕನೋ, ಕಣ್ಣೊರೆಸಿಕೊಂಡನೋ.

ಪುಟ್ಟಿ ಮಂಚದ ಅಂಚಿಗೆ ಹಣೆಯಿಟ್ಟಳು. ಕೊಳದ ಮಾತನ್ನು ಹೇಳಿದಳು. ತಳಕ್ಕೆ ಹೋದ ಕೂಡಲೇ ಕಿವಿ ತಾನಾಗಿ ಅಕ್ಕನ ಉಸಿರು ಹುಡುಕುತ್ತದೆ, ಸಿಗುವುದಿಲ್ಲ, ಎದೆ ನಿಲ್ಲುತ್ತದೆ ಎಂದಳು. ಹೇಳುವ ತನಕ ಅದು ಹೀಗೆ ಎಂದು ಅವಳಿಗೂ ತಿಳಿದಿರಲಿಲ್ಲ.

"ಶನಿವಾರ ಆಗದಿದ್ರೆ ತಮ್ಮ ಕಾರು ತರ್ತಾನೆ," ಎಂದಳು.

ಅಕ್ಕ ಅವಳ ಒದ್ದೆ ಕೂದಲಲ್ಲಿ ಬೆರಳಾಡಿಸಿದಳು. "ಮೂಗು ಮುಚ್ಚು, ಉಸಿರು ಹಿಡಿ, ಮುಳುಗು ಅಂತ ಕೆರೇಲಿ ಹೇಳ್ಕೊಟ್ಟವಳೂ ನಾನೇ. ಈಗ ಆ ಮಾತು ವಾಪಸ್ ತಗೊಂಡೆ. ಕೇಳು, ನೀನು ಕೇಳಿಸ್ಕೊಳ್ಳೋ ಕೆಲಸ ಬಿಡು. ಕೇಳೋದು ನನ್ನ ಕಸುಬು. ನೀನು ನನಗೆ ಕೇಳೋ ಹಾಗೆ ಉಸಿರಾಡು, ಅಷ್ಟೆ. ಅದು ಕೇಳ್ತಿದ್ರೆ ನಾನು ಮಲಗ್ತೀನಿ."

"ನೀರಿನ ಕೆಳಗಿಂದ ನಿನಗೆ ಹೇಗೆ ಕೇಳುತ್ತೆ?"

"ಎಲ್ಲೆಲ್ಲಿಯವರೋ ಮಾತಾಡಿದ್ದನ್ನ ಕೇಳಿದ ಕಿವಿ ಇದು. ಜಾಸ್ತಿ ವಾದ ಮಾಡ್ಬೇಡ, ಮಲಗು."

ಪುಟ್ಟಿ ಮಲಗಿದಳು. ನಾಚಿಕೆಯಾಗುವಷ್ಟು ಜೋರಾಗಿ ಉಸಿರು ಬಿಟ್ಟಳು. ಮೇಲಿನಿಂದ ಗೊರ್ ಎಂಬ ಉತ್ತರ ಬಂತು. ಮತ್ತೊಮ್ಮೆ ಬಿಟ್ಟಳು. ಆಮೇಲಿನದು ಇಬ್ಬರಿಗೂ ನೆನಪಿಲ್ಲ. ದರ್ಜಿಯಮ್ಮ ಬಾಗಿಲು ಬಡಿದು, "ಅಕ್ಕತಂಗೀರು ಒಟ್ಟಿಗೆ ಗೊರಕೆ ಹೊಡೀತಿದ್ದೀರಲ್ಲ, ನನ್ನ ಮಿಷಿನ್ನೇ ಕೇಳಿಸ್ತಿಲ್ಲ! ಕೆಲಸಕ್ಕೆ ಹೋಗಲ್ವೇನೇ?" ಎಂದಾಗ ಬೀದಿಯ ದೀಪ ಹತ್ತಿಕೊಂಡಾಗಿತ್ತು. ಅವತ್ತು ಪುಟ್ಟಿ ಮೀನುಮನೆಗೆ ತಡವಾಗಿ ಹೋಗಿ ಬೈಸಿಕೊಂಡಳು.

ಶನಿವಾರ ಕೊಳದ ತಳದಲ್ಲಿ ಎದೆ ಎರಡು ಸಲ ನಿಲ್ಲಲು ಹೋಯಿತು. ಎರಡು ಸಲವೂ ಅವಳು ಒಳಗೊಳಗೇ, "ಮಲಗಕ್ಕ," ಎಂದುಕೊಂಡು ಗುಳ್ಳೆ ಬಿಟ್ಟಳು. ಗುಳ್ಳೆಗಳು ಗುಳುಗುಳು ಸದ್ದು ಮಾಡುತ್ತ ಕಿವಿಯ ಪಕ್ಕದಿಂದ ಮೇಲೆ ಹೋದವು. ಹಾಸುಗಲ್ಲಿನಿಂದ ಗೇಣು ಮೇಲೆ ಅವಳು ಮಗ್ಗುಲಾದ ದೋಣಿಯ ಹಾಗೆ ಓಲಾಡುತ್ತ ತೇಲಿದಳು. ಚೆಂದವಾಗೇನೂ ಇರಲಿಲ್ಲ.

"ನೋಡೋಕೆ ಆಗಲ್ಲ," ಎಂದರು ಮೇಷ್ಟ್ರು, "ಆದ್ರೆ ಗುಳ್ಳೆ ನಿಲ್ಲಲಿಲ್ಲ. ನಾಳೆ ಸಮುದ್ರಕ್ಕೆ ಬನ್ನಿ."

ಸಮುದ್ರದ ಪರೀಕ್ಷೆ ಒಂದೇ ಸಲಕ್ಕೆ ಮುಗಿಯುವುದಲ್ಲ, ಹಲವು ಸಲ ಇಳಿದು ಹತ್ತಬೇಕು. ರಾತ್ರಿ ಪಾಳಿಯ ಕಣ್ಣುರಿ, ದೋಣಿಯ ಡೀಸೆಲ್ ವಾಸನೆ, ಉಪ್ಪುನೀರು ಕುಡಿದ ಹೊಟ್ಟೆ. ಪುಟ್ಟಿ ದೋಣಿಯ ಅಂಚು ಹಿಡಿದು ವಾಂತಿ ಮಾಡಿದಳು. ಬೇಕರಿಯಣ್ಣ ಇನ್ನೊಂದು ಅಂಚಿನಲ್ಲಿ ಅದನ್ನೇ ಮಾಡುತ್ತಿದ್ದ. "ಹಿಟ್ಟು ನಾದ್ಕೊಂಡು ಸುಖವಾಗಿದ್ದೆ," ಎಂದ, ಬಾಯಿ ಒರೆಸಿಕೊಂಡು. "ಡಾಕ್ಟ್ರು ಏನಾದ್ರೂ ವ್ಯಾಯಾಮ ಮಾಡಪ್ಪಾ ಅಂದ್ರು. ನಡೀ ಅಂದಿದ್ರು ಪಾಪ, ಮುಳುಗು ಅನ್ನಲಿಲ್ಲ."

"ಪ್ರಾರ್ಥನೆ ಮಾಡ್ಕೊಳ್ಳಿ," ಎಂದಳು ಪುಟ್ಟಿ.

"ನೀವು ಏನು ಕೇಳ್ತೀರಿ ದೇವರ ಹತ್ರ?"

"ಇವತ್ತೊಂದು ದಿನ ನಡೆಸಪ್ಪಾ ಅಂತೀನಿ. ನಾಳೆದು ನಾಳೆ ಕೇಳ್ತೀನಿ."

ಕೊನೆಯ ಸಲ ಇಳಿದಾಗ ತಳದ ಮರಳು ಕದಡಿ ನೀರು ಗಂಜಿಯಂತಾಗಿತ್ತು. ಮುಂದೆ ಮೇಷ್ಟ್ರ ಹಳದಿ ರೆಕ್ಕೆ ಮಸುಕಾಗಿ ಕಾಣುತ್ತಿತ್ತು. ಪುಟ್ಟಿ ಪಕ್ಕಕ್ಕೆ ತಿರುಗಿದಳು. ಬೇಕರಿಯಣ್ಣ ಇರಲಿಲ್ಲ.

ಹಿಂದೆ ನೋಡಿದಳು. ಮೇಲೆ ನೋಡಿದಳು. ಎಲ್ಲೆಲ್ಲೂ ಒಂದೇ ಬೂದುಬಣ್ಣ. ಆ ಎಮ್ಮೆಯ ಬುಸುಗುಟ್ಟುವಿಕೆ ಎಲ್ಲಿ? ಅವಳ ಮೈಯೊಳಗಿನ ಮೂರು ವರ್ಷದ ಮಧ್ಯಾಹ್ನಗಳೆಲ್ಲ ಒಟ್ಟಿಗೆ ಎದ್ದು ನಿಂತು, ಹಿಡಿ, ಹಿಡಿದು ಕೇಳು ಎಂದವು. ಎದೆ ನಿಂತಿತು. ಮೈ ಹಗುರವಾಗಿ ಒಂದು ಮೊಳ ಮೇಲೆದ್ದಿತು.

ಅಕ್ಕ ಈಗ ಕಣ್ಣು ಬಿಟ್ಟಿರುತ್ತಾಳೆ ಎನ್ನಿಸಿತು ಪುಟ್ಟಿಗೆ. ಮಂಚದ ಮೇಲೆ ಉಸಿರು ಬಿಗಿಹಿಡಿದು, ಲೈನಿನ ಆ ತುದಿಯಲ್ಲಿ, ಕೇಳುತ್ತಿರುತ್ತಾಳೆ.

ಪುಟ್ಟಿ ಉಸಿರು ಬಿಟ್ಟಳು. ಮಧ್ಯಾಹ್ನದ ಚಾಪೆಯ ಮೇಲೆ ಬಿಟ್ಟ ಹಾಗೆ, ನಾಚಿಕೆಯಿಲ್ಲದೆ, ಜೋರಾಗಿ. ಗುಳ್ಳೆಗಳು ಬುಗ್ಗೆಯ ಹಾಗೆ ಎದ್ದವು. ಎಳೆದುಕೊಂಡಳು, ಮತ್ತೆ ಬಿಟ್ಟಳು. ಮೇಲೆದ್ದ ಮೈ ಮೆಲ್ಲಗೆ ಇಳಿಯಿತು. ಸಿಲಿಂಡರನ್ನು ಟಣ್ ಟಣ್ ಬಡಿದಳು. ಜೊತೆಗಾರ ಕಾಣದಿದ್ದರೆ ಮಾಡಬೇಕಾದ್ದನ್ನು ಮೇಷ್ಟ್ರು ಕಲಿಸಿದ್ದರಲ್ಲ, ಅದರಂತೆ ನಿಂತಲ್ಲೇ ಸುತ್ತ ತಿರುಗಿ ನೋಡುತ್ತ, ಉಸಿರಾಡುತ್ತ ಇದ್ದಳು. ಅದು ಬಿಟ್ಟು ಬೇರೆ ಕೆಲಸವೇ ಲೋಕದಲ್ಲಿ ಇಲ್ಲವೆಂಬಂತೆ.

ಬೂದುಬಣ್ಣದೊಳಗಿಂದ ಮೊದಲು ಒಂದು ಹೊಟ್ಟೆ ಬಂತು, ಆಮೇಲೆ ಉಳಿದ ಬೇಕರಿಯಣ್ಣ. ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೇಲಕ್ಕೆ ಬರುವ ತನಕ ಬಿಡಲಿಲ್ಲ.

"ಮಾಸ್ಕಿಗೆ ನೀರು ಹೋಯ್ತು, ಚೆಲ್ಲೋಕೆ ನಿಂತೆ," ಎಂದ ದೋಣಿ ಹತ್ತಿ, ಏದುಸಿರಿನಲ್ಲಿ. "ತಲೆ ಎತ್ತಿ ನೋಡಿದ್ರೆ ಯಾರೂ ಇಲ್ಲ. ಕೈಕಾಲೇ ಆಡ್ಲಿಲ್ಲ. ಆಮೇಲೆ ಅಗೋ, ಗುಳ್ಳೆ ಮೇಲೆ ಹೋಗ್ತಾ ಇತ್ತು. ಅದನ್ನ ಹಿಡ್ಕೊಂಡು ಬಂದೆ ಪುಟ್ಟಕ್ಕ. ನೀವು ಹಳೇ ಚಾಳಿ ಮಾಡಿದ್ರೆ ನಾನು ಈಗ್ಲೂ ಅಲ್ಲೇ ಇರ್ತಿದ್ದೆ."

ಮೇಷ್ಟ್ರು ಸಿಲಿಂಡರಿನ ಮುಚ್ಚಳ ತಿರುಗಿಸುತ್ತ, "ಮುಂದೆ ಹೋಗ್ತಾ ಹಿಂದೆ ನೋಡ್ದೇ ಇದ್ದದ್ದು ನನ್ನ ತಪ್ಪು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಫೋಟೋ ತೆಗೀಬೇಕು, ಕೂದಲು ಸರಿಮಾಡ್ಕೊಳ್ಳಿ," ಎಂದರು. ಪುಟ್ಟಿಗೆ ಅದರ ಅರ್ಥವಾಗಲು ದೋಣಿ ಅರ್ಧ ದಾರಿ ಬರಬೇಕಾಯಿತು. ಅರ್ಥವಾದ ಮೇಲೂ ಸಂತೋಷಪಡಲು ಆಗಲಿಲ್ಲ. ಹಗ್ಗದ ಸುರುಳಿಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ತಿಂಗಳ ಕೊನೆಗೆ ತಮ್ಮ ಕಾರು ತಂದ. ಪುಟ್ಟಿ ಕಾರ್ಡು ತೋರಿಸಿದಳು. ನಾಳೆಯಿಂದ ಬೆಳಗಿನ ಪಾಳಿ ಎಂದಳು. ಅವನು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. "ಈ ವಯಸ್ಸಲ್ಲಿ ಮೀನಿನ ಜೊತೆ ನೀರಲ್ಲಿ... ನಿನಗೇನಾದ್ರೂ ಆದ್ರೆ?" ಎಂದ. ಆಶ್ರಮದ ಹಾಸಿಗೆಯನ್ನು ಬಿಟ್ಟುಕೊಡುವುದಾಗಿ ಫೋನಿನಲ್ಲಿ ಹೇಳುವಾಗ ಅವನ ದನಿಯೂ ದಣಿದಿತ್ತು. ಮೆಟ್ಟಿಲಿಳಿಯುವ ಮುನ್ನ ಅಕ್ಕನ ಪಾದವನ್ನು ಹೊದಿಕೆಯ ಮೇಲಿಂದಲೇ ಒಮ್ಮೆ ಒತ್ತಿದ. "ಹಗಲು ಹೊತ್ತು?" ಎಂದ ಬಾಗಿಲಲ್ಲಿ ನಿಂತು. "ದರ್ಜಿಯಮ್ಮ ಎದ್ದಿರ್ತಾಳೆ," ಎಂದಳು ಪುಟ್ಟಿ. ಅದೂ ಪೂರ್ತಿ ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವನು ಹೋದ ಮೇಲೆ ಅಕ್ಕ ಕಾರ್ಡನ್ನು ತೋಳಿನಷ್ಟು ದೂರ ಹಿಡಿದು, ಕಣ್ಣು ಚಿಕ್ಕದು ಮಾಡಿ ನೋಡಿದಳು.

"ಫೋಟೋದಲ್ಲೂ ಉಸಿರು ಹಿಡ್ಕೊಂಡೇ ಕೂತಿದ್ದೀಯಲ್ಲೇ!"

"ಫೋಟೋಗೆ ಎಲ್ರೂ ಹಿಡೀತಾರೆ."

ಸಂಜೆಯಾಗುತ್ತಿತ್ತು. ಇಷ್ಟು ಹೊತ್ತಿಗೆ ಪುಟ್ಟಿ ಚಪ್ಪಲಿ ಮೆಟ್ಟಿ, ಅಕ್ಕನ ಕೈಗೆಟುಕುವಂತೆ ನೀರಿಟ್ಟು, ಬಾಗಿಲು ಎಳೆದುಕೊಳ್ಳಬೇಕಿತ್ತು. ಚಪ್ಪಲಿ ಬಾಗಿಲ ಮೂಲೆಯಲ್ಲೇ ಇತ್ತು. ಅವಳು ಚಾಪೆ ಬಿಡಿಸಿ, ದೇವರಿಗೆ ಎರಡು ಮಾತು ಹೇಳಿ, ಮಲಗಿದಳು. ಸೊಂಟ ನೋಯುತ್ತಿತ್ತು. ಕಿವಿಯಲ್ಲಿ ಇನ್ನೂ ಒಂದಿಷ್ಟು ಸಮುದ್ರ ಉಳಿದಿತ್ತು.

ಸೊಯ್. ಗೊರ್. ಸೊಯ್.

ಆಮೇಲೆ ಮಂಚ ಮೌನವಾಯಿತು. ಕೇಳುತ್ತಿದ್ದಾಳೋ, ನಿಂತಿತೋ? ಪುಟ್ಟಿಯ ಎದೆ ಹಳೆಯ ರೂಢಿಗೆ ಬಿಗಿಯಿತು. ಅವಳು ಕಣ್ಣು ತೆರೆಯಲಿಲ್ಲ. ಉಸಿರನ್ನು ಉದ್ದಕ್ಕೆ, ಸದ್ದಾಗುವ ಹಾಗೆ, ಬಿಟ್ಟಳು. ಫ್ಯಾನು ಟಕ್ ಎಂದಿತು.

"ಹ್ಞೂಂ," ಎಂದಳು ಅಕ್ಕ ಮಂಚದ ಮೇಲಿಂದ, ಅರ್ಧ ನಿದ್ದೆಯಲ್ಲಿ, ಮತ್ತು ಗೊರ್ ಎಂದಳು.